ಮಲ್ಲೇಶ್ವರದಲ್ಲಿ ಒಂದು ಮಾಳಿಗೆ ಸೋರಿದಾಗ

ಮಲ್ಲೇಶ್ವರದ ಹಳೇ ಮನೆಗಳನ್ನು ಬಿಲ್ಡರ್‌ಗಳು ಕೆಡವುತ್ತಾರೆ ಅಂತ ನಾವೆಲ್ಲ ಹೇಳುತ್ತೇವೆ. ಬಡಾವಣೆಯ ಸಂಘದವರ ಜೊತೆ ಓಡಾಡಲು ಶುರು ಮಾಡಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಬಿಲ್ಡರ್ ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಮಾಳಿಗೆ ಸೋರಲು ಶುರುವಾಗಿರುತ್ತದೆ.

ಹೋದ ಬೇಸಿಗೆಯ ಒಂದು ಭಾನುವಾರ ಸಂಪಿಗೆ ರಸ್ತೆಯಿಂದ ಒಳಗೆ ಹೋಗುವ ಒಂದು ಕ್ರಾಸಿನ ಮನೆಗೆ ಹೋಗಿದ್ದೆವು. ಹಳೇ ಮನೆಗಳ ಫೋಟೋ ತೆಗೆದು, ಅಳತೆ ಮಾಡಿ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುವುದು ಸಂಘದ ಕೆಲಸ. ಟೇಪ್ ಹಿಡಿದು ನಿಂತ ನಮ್ಮನ್ನು ನೋಡಿ ಆ ಮನೆಯ ಅಜ್ಜಿ ಬಾಗಿಲಲ್ಲೇ ತಡೆದರು. "ನೀವೂ ಮನೆ ಕೇಳೋಕೆ ಬಂದ್ರಾ? ಮಾರಾಟಕ್ಕಿಲ್ಲಪ್ಪ."

"ಇಲ್ಲ ಅಮ್ಮ, ನಾವು ಪಕ್ಕದ ಕ್ರಾಸಿನವರೇ. ನೋಡ್ಕೊಂಡು, ಬರ್ಕೊಂಡು ಹೋಗ್ತೀವಿ ಅಷ್ಟೆ," ಅಂದರು ನಮ್ಮ ಕಾರ್ಯದರ್ಶಿ. ಯಾರ ಮಗ, ಯಾವ ಮನೆ ಅಂತೆಲ್ಲ ವಿಚಾರಿಸಿದ ಮೇಲೆ ಅಜ್ಜಿ ಒಳಗೆ ಕರೆದರು.

ಎಂಥ ಮನೆ ಅದು! ಮುಂದೆ ಜಗಲಿ. ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಮುಡಿ, ಅಂದರೆ ನಮ್ಮ ಬೆಂಗಳೂರಿನ ಮಂಕಿ ಟಾಪ್. ಒಳಗೆ ರೆಡ್ ಆಕ್ಸೈಡ್ ನೆಲ, ಓಡಾಡಿ ಓಡಾಡಿ ಕನ್ನಡಿಯಂತಾಗಿದೆ. ಮನೆಯ ಸುತ್ತ ಗಾಳಿ ಆಡುವಷ್ಟು ಜಾಗ. ಈ ಜಾಗ ಸುಮ್ನೆ ಬಿಟ್ಟದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುತ್ತಿದ್ದ ಜನ ತತ್ತರಿಸಿದರು. ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿದ್ದು ಆಗ. ನೇರ ಮೇನ್‌ಗಳು, ಅಡ್ಡ ಕ್ರಾಸ್‌ಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್. ಮಲ ಹೊರುವ ಕೆಲಸದವರು ಆ ಓಣಿಯಿಂದಲೇ ಬಂದು ಹೋಗಬೇಕಿತ್ತು. ಹಳೇ ಮನೆಗಳನ್ನು ಹೊಗಳುವಾಗ ಇದನ್ನು ಮರೆಯಬಾರದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅದಕ್ಕೇ ನಮ್ಮ ದಾಖಲೆಯಲ್ಲಿ ಓಣಿಯನ್ನೂ ಅಳೆಯುತ್ತೇವೆ, ಓಣಿಗೆ ತೆರೆಯುವ ಬಾಗಿಲನ್ನೂ ಬರೆಯುತ್ತೇವೆ.

ಹಿಂದಿನ ಕೋಣೆಗೆ ಹೋದಾಗ ಅಜ್ಜಿ ಸುಮ್ಮನಾದರು. ಸೂರಿನ ಮೂಲೆಯಲ್ಲಿ ಕಪ್ಪು ಕಲೆ. ಕೆಳಗೆ ಬಕೆಟ್. "ಮಳೆ ಬಂದ್ರೆ ನಿದ್ದೆ ಇಲ್ಲ. ಮಗ ಬಿಲ್ಡರ್‌ಗೆ ಕೊಟ್ಟುಬಿಡೋಣ ಅಂತಾನೆ. ಅವನದ್ದೇನು ತಪ್ಪು ಹೇಳಿ?"

ತಪ್ಪೇನೂ ಇಲ್ಲ. ಸರ್ಕಾರ ಸ್ಮಾರಕ ಅಂತ ಘೋಷಿಸಿದ ಕಟ್ಟಡಗಳಿಗೆ ರಾಜ್ಯದ 1961ರ ಕಾಯ್ದೆಯ ರಕ್ಷಣೆ ಇದೆ. ಇಂಥ ಮನೆಯ ಭಾರವೆಲ್ಲ ಮನೆಯವರ ತಲೆ ಮೇಲೆಯೇ. 1868ರ ಅಠಾರಾ ಕಚೇರಿಯನ್ನು, ಅಂದರೆ ಈಗಿನ ಹೈಕೋರ್ಟ್ ಕಟ್ಟಡವನ್ನು, ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ಊರವರು ಕೋರ್ಟಿಗೆ ಹೋದರು, ಕಟ್ಟಡ ಇವತ್ತಿಗೂ ಇದೆ. ಆದರೆ ಅಜ್ಜಿಯ ಹಿಂದಿನ ಕೋಣೆಗೋಸ್ಕರ ಯಾರು ಕೋರ್ಟಿಗೆ ಹೋಗುತ್ತಾರೆ? ಅವರಿಗೆ ಬೇಕಾಗಿದ್ದದ್ದು ಒಬ್ಬ ಒಳ್ಳೆ ಮೇಸ್ತ್ರಿ.

ನಮ್ಮ ಜೊತೆ ಒಬ್ಬ ಹಿರಿಯ ಗಾರೆ ಮೇಸ್ತ್ರಿ ಬಂದಿದ್ದರು. ಏಣಿ ಹಾಕಿ ಮಾಳಿಗೆ ಹತ್ತಿದರು. ಅದು ಮದ್ರಾಸ್ ಟೆರೇಸ್. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿಯುತ್ತಾರೆ. ಸೋರಿಕೆ ನಿಲ್ಲಿಸಲು ಯಾರೋ ಹಿಂದೆ ಅದರ ಮೇಲೆ ಸಿಮೆಂಟ್ ಬಳಿದಿದ್ದರು. ಮೇಸ್ತ್ರಿ ಅದನ್ನು ತಟ್ಟಿ ತೋರಿಸಿದರು. ಟೊಳ್ಳು ಸದ್ದು. "ಸುಣ್ಣ ಉಸಿರಾಡ್ತದೆ, ಒಳಗಿನ ತೇವ ಹೊರಗೆ ಬಿಡ್ತದೆ. ಸಿಮೆಂಟ್ ಬಿಡಲ್ಲ. ಬಿರುಕಲ್ಲಿ ಇಳಿದ ನೀರು ಒಳಗೇ ನಿಂತು ತೊಲೆ ತಿಂತದೆ." ಸಿಮೆಂಟ್ ಕಿತ್ತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಲ್ಲಿ ಸುಣ್ಣದ ಗಾರೆ ಕಲಸಿ ಮತ್ತೆ ಹಾಕಬೇಕು ಅಂದರು. ಕೊಳೆತ ತೊಲೆ ಒಂದೇ, ಮಿಕ್ಕವು ಗಟ್ಟಿ. ಆದರೆ ಸುಣ್ಣ ಒಣಗಲು ಟೈಮ್ ಬೇಕು. ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.

ಅಜ್ಜಿ ಅಲ್ಲೇ ಮಗನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಮಗನ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಖರ್ಚೆಷ್ಟು? ಕೆಲಸದವರು ಸಿಗುತ್ತಾರಾ? ನಾಳೆ ಇನ್ನೊಂದು ಮೂಲೆ ಸೋರಿದರೆ? ಮನೆ ಉಳಿಸಿ ಅಂತ ನಮ್ಮಲ್ಲಿ ಯಾರೂ ಭಾಷಣ ಮಾಡಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಮೇಸ್ತ್ರಿ ಅಂದಾಜು ಹೇಳಿದರು. ಕೆಲಸದ ದಿನ ಸಂಘದವರು ಒಬ್ಬರು ಬಂದು ನಿಲ್ಲುತ್ತೇವೆ, ಅಮ್ಮನಿಗೆ ಓಡಾಟ ಬೇಡ ಅಂತ ಕಾರ್ಯದರ್ಶಿ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಸರಿ, ಹಿಂದಿನ ಕೋಣೆ ಮೊದಲು ಮಾಡಿಸಿ. ಮಿಕ್ಕಿದ್ದು ನಾನು ದೀಪಾವಳಿಗೆ ಬಂದಾಗ ಕೂತು ಮಾತಾಡೋಣ."

ಕಾಫಿ ಕುಡಿಯುವಾಗ ಎದುರು ಮನೆಯವರು ಗೇಟಿನ ಹತ್ತಿರ ಬಂದು ನಿಂತರು. ಅವರ ಹೆಂಚು ಕೂಡ ಜಾರಿದೆಯಂತೆ, ಮೇಸ್ತ್ರಿ ಒಂದ್ಸಲ ನೋಡಬಹುದಾ ಅಂತ ಕೇಳಿದರು. ಏಣಿ ಇನ್ನೂ ಅಲ್ಲೇ ಇತ್ತು. ಎತ್ತಿಕೊಂಡು ರಸ್ತೆ ದಾಟಿದೆವು.