ಲಕ್ಷದ್ವೀಪಕ್ಕೆ ಹೊರಡುವ ಮುನ್ನ: ಪರ್ಮಿಟ್, ಹಡಗು, ಮತ್ತು ಎರಡು ಖಾಲಿ ದಿನ

ಲಕ್ಷದ್ವೀಪಕ್ಕೆ ಹೋಗುವ ಆಸೆ ಹುಟ್ಟಿದ ಕೂಡಲೇ ವಿಮಾನ ಇಳಿಯುವ ಅಗತ್ತಿ ದ್ವೀಪಕ್ಕೆ ಟಿಕೆಟ್ ತೆಗೆದುಬಿಡಬೇಡಿ. ಅಲ್ಲಿನ ಲೆಕ್ಕದಲ್ಲಿ ಟಿಕೆಟ್ ಮೂರನೆಯ ಕೆಲಸ. ಮೊದಲು ಯಾವ ದ್ವೀಪ ಅನ್ನುವುದು ನಿಶ್ಚಯವಾಗಬೇಕು, ಆಮೇಲೆ ಉಳಿಯುವ ಜಾಗದವರ ಒಪ್ಪಿಗೆ ಮತ್ತು ಪರ್ಮಿಟ್, ಅದಾದ ಮೇಲೆ ಪ್ರಯಾಣ. ಈ ಸರದಿ ತಲೆಕೆಳಗಾದಾಗಲೇ ದುಡ್ಡು ಹೋಗುವುದು. ಎರಡು ಮೂರು ತಿಂಗಳು ಮುಂಚೆ ಶುರು ಮಾಡಿದರೆ ಎಲ್ಲವೂ ಆರಾಮಾಗಿ ಆಗುತ್ತದೆ.

ಮೊದಲು ಕಾಲ. ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಪ್ರವಾಸದ ಹಂಗಾಮು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಸರಿಯೇ, ಆದರೆ ಎರಡೂ ತುದಿಗಳು ನೆಚ್ಚುವಂಥವಲ್ಲ. ಅರಬ್ಬಿ ಸಮುದ್ರದ ಚಂಡಮಾರುತಗಳು ಬರುವುದು ಮುಂಗಾರಿನ ಮುಂಚೆ ಮತ್ತು ನಂತರ. ಓಖಿ ಬಂದದ್ದು 2017ರ ಡಿಸೆಂಬರ್ ಮೊದಲ ವಾರದಲ್ಲಿ, ತೌಕ್ತೆ ಬಂದದ್ದು 2021ರ ಮೇ ತಿಂಗಳಲ್ಲಿ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಗಾಳಿ ಕಡಿಮೆ, ನೀರು ತಿಳಿ, ಹಡಗಿನಿಂದ ದೋಣಿಗೆ ಇಳಿಯುವುದೂ ಸಲೀಸು. ರಜೆ ನಿಮ್ಮ ಕೈಯಲ್ಲಿದ್ದರೆ ಈ ಮೂರು ತಿಂಗಳನ್ನೇ ಆರಿಸಿಕೊಳ್ಳಿ. ಆ ವರ್ಷ ರಂಜಾನ್ ಯಾವಾಗ ಅನ್ನುವುದನ್ನೂ ನೋಡಿಕೊಳ್ಳಿ. ದ್ವೀಪದವರಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು. ಉಪವಾಸದ ದಿನಗಳಲ್ಲಿ ಹಗಲು ಸಣ್ಣ ಹೋಟೆಲುಗಳು ಮುಚ್ಚಿರುತ್ತವೆ, ಊಟಕ್ಕೆ ಉಳಿದುಕೊಂಡಿರುವ ಮನೆಯವರನ್ನೇ ನಂಬಬೇಕಾಗುತ್ತದೆ.

ಇನ್ನು ದ್ವೀಪದ ಆಯ್ಕೆ. ಜನವಸತಿ ಇರುವ ದ್ವೀಪಗಳು ಹತ್ತು. ಎಲ್ಲ ದ್ವೀಪ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್ ಮಾತ್ರ. ಒಂದೇ ಸಲ ನಾಲ್ಕು ದ್ವೀಪ ಸುತ್ತುತ್ತೇನೆ ಅಂತ ಹೊರಟರೆ ಅರ್ಧ ಕಾಲ ಜೆಟ್ಟಿಯಲ್ಲೇ ಕಳೆದುಹೋಗುತ್ತದೆ. ಮೊದಲ ಸಲ ಹೋಗುವವರಿಗೆ ಅಗತ್ತಿ ಮತ್ತು ಅದರ ಹತ್ತಿರದ ಬಂಗಾರಂ ಸಾಕು. ವಿಮಾನ ಇಳಿಯುವುದು ಅಗತ್ತಿಯಲ್ಲೇ, ಬಂಗಾರಂಗೆ ಅಲ್ಲಿಂದ ದೋಣಿ. ಡೈವಿಂಗ್ ಕಲಿಯುವ ಮನಸ್ಸಿದ್ದರೆ ಕಡಮತ್. ಒಂಬತ್ತು ಕಿಲೋಮೀಟರ್ ಉದ್ದದ ಕಿರಿದಾದ ದ್ವೀಪ ಅದು, ಪಶ್ಚಿಮದ ಉದ್ದಕ್ಕೂ ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು. ಮಿನಿಕಾಯ್ ಎಲ್ಲಕ್ಕಿಂತ ಬೇರೆ. ಆಡುವುದು ಮಹಲ್ ಅನ್ನುವ ಭಾಷೆ, ಬದುಕು ಮಾಲ್ಡೀವ್ಸ್ ಕಡೆಯದು, ಗಾಳದ ಕೋಲಿನಲ್ಲಿ ಟ್ಯೂನಾ ಹಿಡಿಯುವ ಊರು, 1885ರ ದೀಪಸ್ತಂಭ. ಆದರೆ ಉಳಿದ ದ್ವೀಪಗಳಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕಿದೆ, ನಡುವೆ ಒಂಬತ್ತು ಡಿಗ್ರಿ ಕಾಲುವೆ ಅನ್ನುವ ಅಗಲವಾದ ಸಮುದ್ರ. ವಾರಕ್ಕಿಂತ ಕಡಿಮೆ ರಜೆ ಇಟ್ಟುಕೊಂಡು ಮಿನಿಕಾಯ್‌ಗೆ ಹೊರಡುವುದು ಬೇಡ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಈ ಐದೂ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅನ್ನುವುದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪರ್ಮಿಟ್ ವಿಷಯಕ್ಕೆ ಬರೋಣ. 1967ರ ಪ್ರವೇಶ ನಿರ್ಬಂಧ ನಿಯಮಗಳ ಪ್ರಕಾರ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅರ್ಜಿ ಆನ್‌ಲೈನ್. ಪರ್ಮಿಟ್‌ನಲ್ಲಿ ದ್ವೀಪದ ಹೆಸರು ಮತ್ತು ತಾರೀಖು ಎರಡೂ ಇರುತ್ತವೆ. ಅಗತ್ತಿ ಅಂತಷ್ಟೇ ಬರೆದಿದ್ದರೆ ಅಲ್ಲಿಂದ ಕವರತ್ತಿಗೆ ಹೋಗಿ ಉಳಿಯುವಂತಿಲ್ಲ. ಆದ್ದರಿಂದ ಹೋಗುವ ಸಾಧ್ಯತೆ ಇರುವ ದ್ವೀಪಗಳನ್ನೆಲ್ಲ ಮೊದಲೇ ನಮೂದಿಸಬೇಕು. ತಾರೀಖಿನಲ್ಲಿ ಕೊನೆಗೆ ಎರಡು ದಿನ ಹೆಚ್ಚಿಗೆ ಕೇಳಿಕೊಳ್ಳಿ. ಹಡಗು ತಡವಾದರೆ, ವಿಮಾನ ರದ್ದಾದರೆ ಆ ಎರಡು ದಿನವೇ ಕಾಪಾಡುವುದು.

ಉಳಿಯುವ ಜಾಗ ಅಥವಾ ಪ್ರವಾಸ ಏರ್ಪಡಿಸುವವರು ನಿಶ್ಚಯವಾಗದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಮೂರು ದಾರಿಗಳಿವೆ: ಲಕ್ಷದ್ವೀಪ ಆಡಳಿತದ್ದೇ ಆದ, ಸ್ಪೋರ್ಟ್ಸ್ (SPORTS) ಅನ್ನುವ ಪ್ರವಾಸೋದ್ಯಮ ಸಂಸ್ಥೆಯ ಪ್ಯಾಕೇಜ್, ಖಾಸಗಿ ಏಜೆಂಟರು, ಇಲ್ಲವೇ ದ್ವೀಪದ ಹೋಂಸ್ಟೇ. ಸ್ಪೋರ್ಟ್ಸ್‌ನವರ ಸಮುದ್ರಂ ಪ್ಯಾಕೇಜಿನಲ್ಲಿ ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಕಾಗದಪತ್ರದ ತಲೆನೋವು ಕಡಿಮೆ. ಆದರೆ ಒಂದೊಂದು ದ್ವೀಪಕ್ಕೂ ಸಿಗುವುದು ಒಂದೊಂದು ಹಗಲು ಮಾತ್ರ. ಹೋಂಸ್ಟೇ ಆದರೆ ಪೂರ್ತಿ ಹಣ ಕಟ್ಟುವ ಮುಂಚೆ ಪರ್ಮಿಟ್‌ನ ಪ್ರತಿ ಕೇಳಿ, ಅದರಲ್ಲಿನ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಇದೆಯೇ ಅಂತ ಅಕ್ಷರ ಅಕ್ಷರ ನೋಡಿ. ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಸಾಮಾನ್ಯ. ಅದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬೇಕು. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಕರ್ನಾಟಕದವರು ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಅದಕ್ಕೂ ದಿನ ಹಿಡಿಯುತ್ತದೆ. ಪರ್ಮಿಟ್ ಮೂರು ಪ್ರತಿ ಮುದ್ರಿಸಿಟ್ಟುಕೊಳ್ಳಿ: ಹತ್ತುವಾಗ ತೋರಿಸಲು, ದ್ವೀಪದ ಪೊಲೀಸ್ ಠಾಣೆಗೆ ಕೊಡಲು, ಕೈಯಲ್ಲಿ ಇಟ್ಟುಕೊಳ್ಳಲು.

ಪ್ರಯಾಣಕ್ಕೆ ನನ್ನ ಸಲಹೆ ಹೋಗುವಾಗ ಹಡಗು, ಬರುವಾಗ ವಿಮಾನ. ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ ಹಡಗು ಹೊರಡುತ್ತದೆ, ದ್ವೀಪ ಯಾವುದು ಅನ್ನುವುದರ ಮೇಲೆ 14ರಿಂದ 20 ಗಂಟೆ ಪ್ರಯಾಣ. ಹಡಗಿನ ವೇಳಾಪಟ್ಟಿ ದ್ವೀಪದವರ ಅಗತ್ಯಕ್ಕಾಗಿ ಇರುವುದು. ಕಾಯಿಲೆಯವರು, ಪರೀಕ್ಷೆಗೆ ಹೋಗುವ ಮಕ್ಕಳು, ದಿನಸಿ ಎಲ್ಲ ಅದರಲ್ಲೇ ಸಾಗಬೇಕು. ಅದು ಬದಲಾದರೆ ಬೇಸರ ಮಾಡಿಕೊಳ್ಳುವ ಹಕ್ಕು ಪ್ರವಾಸಿಗಿಲ್ಲ. ಹೋಗುವಾಗ ಒಂದು ದಿನ ತಡವಾದರೆ ರಜೆಯಲ್ಲಿ ಒಂದು ದಿನ ಕಡಿಮೆ, ಅಷ್ಟೇ. ಬರುವಾಗ ತಪ್ಪಿದರೆ ಮುಂದಿನ ಹಡಗಿಗೆ ಎಷ್ಟೋ ದಿನ ಕಾಯಬೇಕಾಗಬಹುದು.

ವಿಮಾನಕ್ಕೂ ಅದರದೇ ಮಿತಿ ಇದೆ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್, ಎರಡೂ ಪಕ್ಕಕ್ಕೆ ಸಮುದ್ರ. ಎಟಿಆರ್‌ನಂಥ ಸಣ್ಣ ವಿಮಾನಗಳಷ್ಟೇ ಇಳಿಯಲು ಸಾಧ್ಯ, ಅವಕ್ಕೂ ತೂಕದ ಕಟ್ಟುನಿಟ್ಟು. ಕೊಚ್ಚಿಯಿಂದ ಒಂದೂವರೆ ಗಂಟೆಯ ಹಾರಾಟ. ಬೆಂಗಳೂರಿನಿಂದ ನೇರ ಸೇವೆ 2024ರ ಮಾರ್ಚ್ ಕೊನೆಗೆ ಶುರುವಾಯಿತು, ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಆಗಿಂದಾಗ ನೋಡಿಕೊಳ್ಳಿ. ಕೊಚ್ಚಿಯಿಂದ ಮುಂದಿನ ರೈಲೋ ವಿಮಾನವೋ ಅದೇ ಸಂಜೆಗೆ ಇಟ್ಟುಕೊಳ್ಳಬೇಡಿ, ಮರುದಿನಕ್ಕೆ ಇರಲಿ. ಡೈವಿಂಗ್ ಮಾಡುವವರು ಕೊನೆಯ ಡೈವ್ ಆದ ಮೇಲೆ 18 ಗಂಟೆ ಹಾರಬಾರದು. ನೀರಿನಾಳದಲ್ಲಿ ರಕ್ತ, ಅಂಗಾಂಶಗಳಿಗೆ ಸೇರಿದ ಸಾರಜನಕ ಹೊರಹೋಗುವ ಮುಂಚೆ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗುತ್ತದೆ. ಕೀಲು ನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಹಾಗಾಗಿ ಕೊನೆಯ ಪೂರ್ತಿ ಹಗಲು ನೆಲದ ಮೇಲೆ ಕಳೆಯುವ ಹಾಗೆ ಯೋಜನೆ ಹಾಕಿ.

ಹಡಗಿನಲ್ಲಿ ಬಂಕ್ ದರ್ಜೆ ಅಗ್ಗ, ನಾಲ್ಕು ಹಾಸಿಗೆಯ ಎರಡನೇ ದರ್ಜೆಯ ಕ್ಯಾಬಿನ್ ಸಂಸಾರಕ್ಕೆ ಸರಿ. ವಾಕರಿಕೆ ಬರುವವರು ಹಡಗಿನ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಜಾಗ ಕೇಳಬೇಕು, ತೂಗಾಟ ಕಡಿಮೆ ಇರುವುದು ಅಲ್ಲೇ. ಮಾತ್ರೆಯನ್ನು ವೈದ್ಯರನ್ನು ಕೇಳಿ ಬರೆಸಿಕೊಂಡು, ಹಡಗು ಬಂದರು ಬಿಡುವುದಕ್ಕೆ ಒಂದು ಗಂಟೆ ಮುಂಚೆಯೇ ನುಂಗಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಇಳಿಯುವ ಬಗೆಯನ್ನು ತಿಳಿದುಕೊಂಡಿರುವುದು ಒಳ್ಳೆಯದು. ಬಹಳ ಕಡೆ ಹಡಗು ಲಗೂನಿನ ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದಲ್ಲಿ, ನೀರಿನ ಮಟ್ಟಕ್ಕೆ ಹತ್ತಿರ ಇರುವ ಬಾಗಿಲು ತೆರೆಯುತ್ತಾರೆ, ಕೆಳಗೆ ದೋಣಿ ಬಂದು ತಾಗಿಕೊಳ್ಳುತ್ತದೆ. ಹಡಗು ನಿಂತೇ ಇರುತ್ತದೆ, ದೋಣಿ ಮಾತ್ರ ಮೊಣಕಾಲೆತ್ತರ, ಕೆಲವೊಮ್ಮೆ ಸೊಂಟದೆತ್ತರ ಏರಿ ಇಳಿಯುತ್ತದೆ. ಬಾಗಿಲಲ್ಲಿ ಒಬ್ಬರು, ದೋಣಿಯಲ್ಲಿ ಇಬ್ಬರು ನಿಂತು ನಿಮ್ಮ ಮುಂಗೈ ಹಿಡಿಯುತ್ತಾರೆ. ದೋಣಿ ಮೇಲೆ ಬಂದ ಕ್ಷಣಕ್ಕೆ ಅವರು ಹೇಳುತ್ತಾರೆ, ಆಗ ಹೆಜ್ಜೆ ಇಟ್ಟುಬಿಡಬೇಕು. ಅನುಮಾನಿಸಿ ನಿಂತು, ದೋಣಿ ಇಳಿಯಲು ಶುರುವಾದ ಮೇಲೆ ಕಾಲು ಚಾಚಿದರೆ ಬೀಳುತ್ತಾರೆ. ಅದಕ್ಕೇ ಎರಡು ಕೈಯೂ ಖಾಲಿ ಇರಲಿ, ಸಾಮಾನು ಬೆನ್ನಿಗೆ ಹಾಕುವ ಚೀಲದಲ್ಲಿರಲಿ. ಗಾಲಿಯ ಸೂಟ್‌ಕೇಸ್ ಇಲ್ಲಿ ಬರೀ ಭಾರ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ, ಫೋನು ಮತ್ತು ಕಾಗದ ನೀರು ಹೋಗದ ಚೀಲದಲ್ಲಿ. ಮಂಡಿ ನೋವಿನವರು ಇರುವ ಸಂಸಾರಕ್ಕೆ ಎರಡೂ ಕಡೆ ವಿಮಾನವೇ ವಾಸಿ.

ಸಾಮಾನಿನ ಪಟ್ಟಿ ಉದ್ದ ಬೇಡ. ಸನ್‌ಸ್ಕ್ರೀನ್‌ಗಿಂತ ಉದ್ದ ತೋಳಿನ ಈಜುಡುಗೆ ಹೆಚ್ಚು ಉಪಯೋಗ, ಮುಖ ನೀರಿನೊಳಗೆ ಇಟ್ಟು, ಕೊಳವೆಯಲ್ಲಿ ಉಸಿರಾಡುತ್ತ ಸ್ನಾರ್ಕೆಲ್ ಮಾಡುವಾಗ ಸುಡುವುದು ಬೆನ್ನು ಮತ್ತು ಮೀನಖಂಡ. ಹಳೆಯದಾದರೂ ಸರಿ, ಮುಖಕ್ಕೆ ಕೂರುವ ನಿಮ್ಮದೇ ಮಾಸ್ಕ್ ಒಯ್ಯಿರಿ. ದಿನವೂ ನುಂಗುವ ಔಷಧಿ ಒಂದು ವಾರದಷ್ಟು ಹೆಚ್ಚಿಗೆ ಇರಲಿ. ನಗದು ಇರಲೇಬೇಕು. ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿ ಇಂಟರ್ನೆಟ್ ಸುಧಾರಿಸಿದೆ, ಹಾಗಂತ ಯುಪಿಐ ಒಂದನ್ನೇ ನೆಚ್ಚಿಕೊಳ್ಳಬೇಡಿ. ಮದ್ಯ ಒಯ್ಯುವಂತಿಲ್ಲ. ಬಂಗಾರಂ ಬಿಟ್ಟು ಉಳಿದೆಡೆ ಪಾನನಿಷೇಧವಿದೆ.

ನೀರಿಗೆ ಇಳಿಯುವವರು ದ್ವೀಪದ ಎರಡು ಮೈಗಳ ವ್ಯತ್ಯಾಸ ತಿಳಿದಿರಬೇಕು. ಹೆಚ್ಚಿನ ದ್ವೀಪಗಳಲ್ಲಿ ಪಶ್ಚಿಮಕ್ಕೆ ಹವಳದ ದಿಬ್ಬದೊಳಗಿನ ಶಾಂತ ಲಗೂನ್, ಪೂರ್ವಕ್ಕೆ ನೇರ ಸಮುದ್ರ. ಪೂರ್ವದಲ್ಲಿ ಕೆಲವೇ ಮೀಟರು ದಾಟಿದರೆ ಆಳ ಒಮ್ಮೆಲೇ ಕುಸಿಯುತ್ತದೆ, ಅಲ್ಲಿ ಈಜಬಾರದು. ಲಗೂನಿನಲ್ಲೂ ದಿಬ್ಬ ಒಡೆದಿರುವ ಕಡೆ ದೋಣಿ ಹೋಗುವ ದಾರಿಯಿದೆ. ಇಳಿತದ ಹೊತ್ತಿಗೆ ಒಳಗಿನ ನೀರೆಲ್ಲ ಆ ಬಾಯಿಂದಲೇ ಹೊರಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಸ್ನಾರ್ಕೆಲ್‌ಗೆ ಭರತದ ಸಮಯ ಕೇಳಿಕೊಂಡು ಹೊರಡಿ, ನೀರು ಕಡಿಮೆ ಇದ್ದಾಗ ಹೊಟ್ಟೆ ಹವಳಕ್ಕೆ ಉಜ್ಜುತ್ತದೆ, ಹವಳವೂ ಮುರಿಯುತ್ತದೆ. ಗೀರಿದರೆ ಒಳಗೆ ಚೂರು ಉಳಿಯದ ಹಾಗೆ ಸಿಹಿನೀರು, ಸಾಬೂನಿನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಕೀವಾಗಿ ವಾರಗಟ್ಟಲೆ ಮಾಯುವುದಿಲ್ಲ. ಕಲ್ಲುಮೀನಿನ ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, ಒಂದರಿಂದ ಒಂದೂವರೆ ಗಂಟೆ ಕಾಲಿಟ್ಟುಕೊಂಡೇ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿ.

ಹವಳದ ಚೂರು, ಸತ್ತು ದಡಕ್ಕೆ ಬಿದ್ದದ್ದಾದರೂ, ಚೀಲಕ್ಕೆ ಹಾಕಬೇಡಿ. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸ್ಕ್ಯಾನರ್‌ನಲ್ಲಿ ಕಂಡರೆ ಪ್ರಕರಣವಾಗುತ್ತದೆ. 1998, 2010, 2016ರಲ್ಲಿ ಸಮುದ್ರದ ನೀರು ಬಿಸಿಯೇರಿದಾಗ ಬೆಳ್ಳಗಾಗಿ ಸತ್ತು, ಮತ್ತೆ ಚಿಗುರಲು ಒದ್ದಾಡುತ್ತಿರುವ ಹವಳ ಅದು. ಅದರ ಮೇಲೆ ಕಾಲಿಡುವ ಮನಸ್ಸು ಯಾರಿಗಾದರೂ ಹೇಗೆ ಬರುತ್ತದೋ ನನಗೆ ಅರ್ಥವಾಗುವುದಿಲ್ಲ.

ಸಿಹಿನೀರನ್ನೂ ಹಾಗೆಯೇ ಬಳಸಬೇಕು. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುವುದೇ ದ್ವೀಪದ ಅಂತರ್ಜಲ. ಪಂಪು ಹೆಚ್ಚು ಹೊತ್ತು ಓಡಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಬಾವಿ ಕೆಡುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವಿದೆ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು, ಅದು ಊರಿನವರು ಕುಡಿಯಲು. ಈಜಿ ಬಂದು ಮೈ ತೊಳೆದುಕೊಳ್ಳಲು ಒಂದು ಬಕೆಟ್ ಸಾಕು, ಉಪ್ಪು ಹತ್ತಿದ ಬಟ್ಟೆ ಊರಿಗೆ ಬಂದ ಮೇಲೆ ಒಗೆಯಬಹುದು. ಪ್ಲಾಸ್ಟಿಕ್ ಬಾಟಲಿ, ಪ್ಯಾಕೆಟ್ಟು, ಬ್ಯಾಟರಿ ಏನಿದ್ದರೂ ತಂದ ಚೀಲದಲ್ಲೇ ವಾಪಸು ಒಯ್ಯಿರಿ, ಅಲ್ಲಿ ಕಸ ಹೂಳಲು ನೆಲವಿಲ್ಲ.