"ಇನ್ನೊಂದು ಸಲ ನೋಡಿ, ಮೇಡಂ"

ತಂಗಿಯ ಮಗ ಭಾನುವಾರ ಡೊಂಬಿವಲಿಗೆ ಊಟಕ್ಕೆ ಬಂದರೆ ಏನಾದರೂ ಒಂದು ವಾದ ಇದ್ದೇ ಇರುತ್ತದೆ. ಈ ಸಲ 2003ರ ಇರಾಕ್ ಯುದ್ಧ, ಸದ್ದಾಂ ಹುಸೇನ್ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ಹೇಳಿ ಅಮೆರಿಕ ಶುರುಮಾಡಿದ್ದು. "ದೊಡ್ಡಮ್ಮ, ಗುಪ್ತಚರರ ಲೆಕ್ಕ ತಪ್ಪಿತು, ಅಷ್ಟೇ. ಯಾರೂ ಒತ್ತಡ ಹಾಕಿಲ್ಲ ಅಂತ ಅಮೆರಿಕದವರದೇ ತನಿಖೆ ಹೇಳಿದೆ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. 2004ರ ಅಮೆರಿಕದ ಸೆನೆಟ್ ಸಮಿತಿ, ಇದೇ ತಪ್ಪನ್ನು ತನಿಖೆ ಮಾಡಿದ 2005ರ ರಾಬ್-ಸಿಲ್ಬರ್‌ಮನ್ ಆಯೋಗ, ಎರಡೂ ಹೆಚ್ಚುಕಡಿಮೆ ಅದನ್ನೇ ಬರೆದವು. ತೀರ್ಮಾನ ಬದಲಾಯಿಸಿ ಅಂತ ವಿಶ್ಲೇಷಕರಿಗೆ ಯಾರಾದರೂ ಹೇಳಿದ್ದಕ್ಕೆ ಸಾಕ್ಷಿ ಸಿಗಲಿಲ್ಲವಂತೆ. ಓದಿದಾಗ ನನಗೆ ನಗು ಬಂದಿತ್ತು. ನಾನು ಮುಂಬೈನ ಫೋರ್ಟ್‌ನ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಇದ್ದವಳು. ಅಲ್ಲೂ ಹಾಗಂತ ಯಾರೂ ಹೇಳುವುದಿಲ್ಲ.

ಭಿವಂಡಿಯ ಒಂದು ಬಟ್ಟೆ ವ್ಯಾಪಾರದ ಪಾರ್ಟಿಯ ಸಾಲದ ಪ್ರೊಪೋಸಲ್ ನನ್ನ ಟೇಬಲ್ಲಿಗೆ ಬಂದಿತ್ತು. ಹೋಗಿ ಗೋದಾಮು ನೋಡಿ ಬಂದೆ. ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಕೋಟಿಗಟ್ಟಲೆ ಬಟ್ಟೆ. ಗೋದಾಮಿನಲ್ಲಿ ಮುಂದಿನ ಸಾಲಿನ ಥಾನುಗಳು ಹೊಸವು, ಹಿಂದಿನವಕ್ಕೆಲ್ಲ ಧೂಳು. ಅಷ್ಟನ್ನೇ ಬರೆದೆ. ನಮ್ಮ ಸಾಹೇಬರು ಕೂಗಾಡಲಿಲ್ಲ. ಚಹಾ ತರಿಸಿದರು. "ಮೇಡಂ, ಏಕ್ ಬಾರ್ ಔರ್ ದೇಖ್ ಲೀಜಿಯೇ" ಅಂದರು. ಎರಡು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ. ಆಮೇಲೆ ಅವರ ಮೇಲಿನವರಿಂದ ಫೋನು, ಅದೇ ಪ್ರಶ್ನೆ. ನಾನು ನೋಟ್ ಬದಲಾಯಿಸಲಿಲ್ಲ. ಬದಲಾಯಿಸುವ ಅಗತ್ಯವೂ ಬೀಳಲಿಲ್ಲ. ಕಮಿಟಿಗೆ ಹೋದ ಸಾರಾಂಶವನ್ನು ಬೇರೆಯವರು ಬರೆದರು, ನನ್ನ ಧೂಳು ಅನೆಕ್ಷರ್‌ಗೆ ಹೋಯಿತು. ಸಾಲ ಮಂಜೂರಾಯಿತು.

ಈಗ ವಾಷಿಂಗ್ಟನ್ನಿಗೆ ಬನ್ನಿ. 2002ರ ಆಗಸ್ಟ್ 26ರಂದು ಉಪಾಧ್ಯಕ್ಷ ಡಿಕ್ ಚೇನಿ ನ್ಯಾಶ್‌ವಿಲ್‌ನಲ್ಲಿ ಭಾಷಣ ಮಾಡಿದರು. ಸದ್ದಾಂ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರಗಳಿವೆ, ಅನುಮಾನವೇ ಬೇಡ ಅಂದರು. ಅದರ ಬಗ್ಗೆ ಎಲ್ಲ ಗುಪ್ತಚರ ಸಂಸ್ಥೆಗಳೂ ಸೇರಿ ಮಾಡಬೇಕಾದ ಅಂದಾಜು ಆಗ ಇನ್ನೂ ಬರೆದೇ ಇರಲಿಲ್ಲ! ಸೆನೆಟರ್‌ಗಳು ಕೇಳಿದ ಮೇಲೆ ಮೂರು ವಾರದೊಳಗೆ ಗಡಿಬಿಡಿಯಲ್ಲಿ ಮಾಡಿ, ಅಕ್ಟೋಬರ್ ಮೊದಲಿಗೆ ಕೊಟ್ಟರು. ನಮ್ಮ ಬ್ಯಾಂಕಿನ ಮಾತಿನಲ್ಲಿ, ಸಾಲದ ಮಂಜೂರಾತಿ ಮೊದಲು, ಪರಿಶೀಲನೆ ಆಮೇಲೆ. ಚೇನಿ ಆ ದಿನಗಳಲ್ಲಿ ಸಿಐಎ ಕಚೇರಿಗೆ ಖುದ್ದಾಗಿ ಹಲವು ಸಲ ಹೋಗಿ ವಿಶ್ಲೇಷಕರ ಜೊತೆ ಕೂತಿದ್ದರು. ಸುಮ್ನೆ ಪ್ರಶ್ನೆ ಕೇಳಲು. ಉಪಾಧ್ಯಕ್ಷರು ಬಂದು ಎದುರು ಕೂತು ಅದೇ ಪ್ರಶ್ನೆ ಮತ್ತೆ ಕೇಳಿದರೆ ಅದರ ಅರ್ಥ ಏನು ಅಂತ ಕೆಳಗಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಯುಮಿನಿಯಂ ಕೊಳವೆಗಳ ಕತೆ ನೋಡಿ. ಇರಾಕ್ ತರಿಸಲು ಹೊರಟಿದ್ದ ಕೊಳವೆಗಳು ಅಣುಬಾಂಬಿಗಾಗಿ ಯುರೇನಿಯಂ ಸಂಸ್ಕರಿಸುವ ಯಂತ್ರ, ಅಂದರೆ ಸೆಂಟ್ರಿಫ್ಯೂಜ್‌ಗೆ ಅಂತ ಸಿಐಎ ಹೇಳಿತು. ಸೆಂಟ್ರಿಫ್ಯೂಜ್ ವಿಷಯ ನಿಜವಾಗಿ ಗೊತ್ತಿದ್ದದ್ದು ಇಂಧನ ಇಲಾಖೆಯವರಿಗೆ. ಅವರು ಒಪ್ಪಲಿಲ್ಲ. 81 ಮಿಲಿಮೀಟರ್ ಕೊಳವೆ, ಇರಾಕ್ ಮಾಡುವ ರಾಕೆಟ್‌ಗೆ ಸರಿಯಾದ ಅಳತೆ ಅಂದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಒಪ್ಪಲಿಲ್ಲ. ಆದರೆ 2002ರ ಸೆಪ್ಟೆಂಬರ್ 8ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕೊಳವೆಯ ಸುದ್ದಿ ಬಂತು, ಅಧಿಕಾರಿಗಳೇ ಹೆಸರಿಲ್ಲದೆ ಕೊಟ್ಟದ್ದು. ಅದೇ ದಿನ ಚೇನಿ ಟಿವಿಯಲ್ಲಿ ಕೂತು ಆ ಪತ್ರಿಕೆಯನ್ನೇ ಉದಾಹರಿಸಿದರು. ಇದನ್ನು ಓದಿದಾಗ ನನ್ನ ಭಿವಂಡಿ ಪಾರ್ಟಿಯೇ ವಾಸಿ ಅನಿಸಿತು.

ಭಿನ್ನಮತ ಅಕ್ಟೋಬರ್‌ನ ಆ ಅಂದಾಜಿನಲ್ಲಿ ಇತ್ತು, ಅದು ನಿಜ. ಇರಾಕ್ ಆಫ್ರಿಕಾದಿಂದ ಯುರೇನಿಯಂ ತರಿಸಲು ನೋಡುತ್ತಿದೆ ಅನ್ನುವ ಮಾತು ತೀರಾ ಸಂಶಯಾಸ್ಪದ ಅಂತ ವಿದೇಶಾಂಗ ಇಲಾಖೆಯವರು ಬರೆದಿದ್ದರು. ಆದರೆ ಯುರೇನಿಯಂ ವಿಷಯ ಬರುವ ಜಾಗದಿಂದ ಸುಮಾರು 60 ಪುಟ ಆಚೆ, ಕೊಳವೆಗಳ ಬಗೆಗಿನ ಚೌಕದೊಳಗೆ! ಕಣ್ತಪ್ಪಿನಿಂದ ಅಲ್ಲಿ ಹೋಯಿತಂತೆ. ಇರಬಹುದು. ಜನರಿಗೆ ಅಂತ ಬಿಡುಗಡೆ ಮಾಡಿದ ಪ್ರತಿಯಲ್ಲಂತೂ "ನಮ್ಮ ಅಂದಾಜಿನಲ್ಲಿ" ಅನ್ನುವಂಥ ಮಾತುಗಳೇ ಅನೇಕ ಕಡೆ ಮಾಯವಾಗಿದ್ದವು. ಅಂದಾಜು ಇದ್ದದ್ದು ಸತ್ಯವಾಗಿಬಿಟ್ಟಿತು. ಅಕ್ಟೋಬರ್ 11ರಂದು ಸೆನೆಟ್ 77-23 ಮತಗಳಿಂದ ಯುದ್ಧಕ್ಕೆ ಅಧಿಕಾರ ಕೊಟ್ಟಿತು.

ಲಂಡನ್ನಿನಲ್ಲೂ ಇದೇ ಹಾಡು. ಇರಾಕ್ 45 ನಿಮಿಷದಲ್ಲಿ ಅಸ್ತ್ರ ಸಿದ್ಧಮಾಡಬಲ್ಲದು ಅನ್ನುವ ಮಾತು ಯುದ್ಧಭೂಮಿಯ ಸಣ್ಣ ಅಸ್ತ್ರಗಳಿಗೆ ಸಂಬಂಧಿಸಿದ್ದು. ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಕಡತದಲ್ಲಿ ಆ ವಿವರ ಇರಲಿಲ್ಲ. ಬ್ರಿಟನ್ನಿನ ಒಂದು ರಹಸ್ಯ ಟಿಪ್ಪಣಿ 2005ರಲ್ಲಿ ಬಯಲಾಯಿತು. 2002ರ ಜುಲೈ 23ರ ಸಭೆಯದು. ವಾಷಿಂಗ್ಟನ್ನಿನಿಂದ ಮರಳಿದ್ದ ಅವರ ಗುಪ್ತಚರ ಮುಖ್ಯಸ್ಥರ ವರದಿ ಅದರಲ್ಲಿತ್ತು: ಮಾಹಿತಿಯನ್ನೂ ಸಂಗತಿಗಳನ್ನೂ ನೀತಿಗೆ ತಕ್ಕಂತೆ ಹೊಂದಿಸಲಾಗುತ್ತಿದೆ.

ಅಸ್ತ್ರಗಳು ಸಿಗಲಿಲ್ಲ, ಎಲ್ಲರಿಗೂ ಗೊತ್ತಿರುವುದೇ. ತಂಗಿಮಗನಿಗೆ ನಾನು ತೋರಿಸಿದ್ದು ರಾಬ್-ಸಿಲ್ಬರ್‌ಮನ್ ವರದಿಯಲ್ಲೇ ಇರುವ ಇನ್ನೊಂದು ಮಾತು. ಪ್ರಚಲಿತ ನಂಬಿಕೆಯನ್ನು ಅನುಮಾನಿಸಲು ಪ್ರೋತ್ಸಾಹವಿಲ್ಲದ ವಾತಾವರಣದಲ್ಲಿ ವಿಶ್ಲೇಷಕರು ಕೆಲಸ ಮಾಡಿದರು ಅನ್ನುವುದನ್ನು ಅಲ್ಲಗಳೆಯುವುದು ಕಷ್ಟ ಅಂತ ಅವರೇ ಬರೆದಿದ್ದಾರೆ. ಒತ್ತಡ ಅಂದರೆ ಇದೇ ಅಲ್ವಾ? ಅವನು ಪ್ರಮೋಷನ್‌ಗೆ ಕಾಯುತ್ತಿರುವ ಹುಡುಗ, ಅವನಿಗೆ ಅರ್ಥವಾಗದ ವಿಷಯವೇನಲ್ಲ.

"ಹಾಗಾದ್ರೆ ಗೊತ್ತಿದ್ದವರು ರಾಜೀನಾಮೆ ಕೊಡಬೇಕಿತ್ತು" ಅಂದ. ಆಸ್ಟ್ರೇಲಿಯಾದ ಆಂಡ್ರ್ಯೂ ವಿಲ್ಕಿ ಕೊಟ್ಟರು. 2003ರ ಮಾರ್ಚ್‌ನಲ್ಲಿ, ಯುದ್ಧಕ್ಕೆ ಕೆಲವೇ ದಿನ ಮೊದಲು, ಅಲ್ಲಿನ ಗುಪ್ತಚರ ಕಚೇರಿಯ ಕೆಲಸ ಬಿಟ್ಟು ಬಹಿರಂಗವಾಗಿ ಮಾತಾಡಿದರು. ಆಸ್ಟ್ರೇಲಿಯಾದ ಸೈನ್ಯ ಇರಾಕಿಗೆ ಹೋಗಿಯೇ ಹೋಯಿತು. 2010ರಲ್ಲಿ ಟಾಸ್ಮೇನಿಯಾದ ಜನ ವಿಲ್ಕಿಯವರನ್ನು ಪಕ್ಷೇತರರಾಗಿ ಸಂಸತ್ತಿಗೆ ಕಳಿಸಿದರು. ಅವರ ಧೈರ್ಯ ದೊಡ್ಡದು. ನಾನಾಗಿದ್ದರೆ, ಈ ಡೊಂಬಿವಲಿ ಫ್ಲ್ಯಾಟಿನ ಕಂತು ತೀರುವವರೆಗೆ, ಖಂಡಿತ ಕೊಡುತ್ತಿರಲಿಲ್ಲ.