ಐರಿಸ್ ಗಡ್ಡಕ್ಕೆ ಕೊಂಬು ಬಂದರೆ

ಐರಿಸ್ ಹೂವಿನ ಗಡ್ಡ, ಅಂದರೆ ಎಸಳಿನ ಮೇಲಿನ ಕೂದಲ ಸಾಲು, ಹೇಗಿದೆ ಅಂತ ಒಂದೇ ಹೂ ನೋಡಿ ಹೇಳಬಾರದು. ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆ, ಗುಲಾಬಿ ನೋಡಿಕೊಂಡು ಬೆಳೆದ ನನಗೆ ಈ ಮಾತು ಹೇಳುವ ಹಕ್ಕು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಗಡ್ಡದ ಐರಿಸ್ ನಮ್ಮ ಕಡೆ ಸರಿಯಾಗಿ ಹೂ ಬಿಡುವುದಿಲ್ಲ. ಅದಕ್ಕೆ ಒಳ್ಳೆ ಚಳಿಗಾಲ ಬೇಕು, ಮಣ್ಣಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆದರೆ ನಮ್ಮಕ್ಕ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಏಪ್ರಿಲ್ ಬಂದರೆ ಸಾಕು, ವಾಟ್ಸಾಪ್ ತುಂಬಾ ಅವಳ ಐರಿಸ್ ಫೋಟೋ, ವಿಡಿಯೋ.

ಹೂವಿಗೆ ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ಮೇಲೆ ಸಾಲಾಗಿ ಕೂದಲು, ಅದೇ ಗಡ್ಡ. ದುಂಬಿಗೆ ಒಳಗೆ ಬರುವ ದಾರಿ ತೋರಿಸುವುದು ಅದರ ಕೆಲಸ. ಸಾಮಾನ್ಯವಾಗಿ ಈ ಗಡ್ಡ ಎಸಳಿಗೆ ಅಂಟಿಕೊಂಡೇ ಮುಗಿಯುತ್ತದೆ. ಕೆಲವು ತಳಿಗಳಲ್ಲಿ ಮಾತ್ರ ಅದರ ತುದಿ ಎಸಳು ಬಿಟ್ಟು ಮೇಲೆದ್ದು ಚೂಪಾಗಿ ನಿಲ್ಲುತ್ತದೆ, ಅದು ಕೊಂಬು. ಆ ಕೊಂಬಿನ ತುದಿ ಅಗಲವಾದರೆ ಚಮಚ. ಇನ್ನೂ ಹರಡಿ ನಿರಿಗೆ ನಿರಿಗೆಯಾಗಿ, ಹೂವೊಳಗೆ ಇನ್ನೊಂದು ಪುಟ್ಟ ಎಸಳು ಹುಟ್ಟಿದ ಹಾಗೆ ಕಾಣುವುದೂ ಉಂಟು. ನನಗೆ ಕೊಂಬು ಇಷ್ಟ. ನಿರಿಗೆಯದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ, ಗಡ್ಡವೇ ಮುಚ್ಚಿಹೋಗುತ್ತದಲ್ಲ!

ಇಂಥವನ್ನು ಮೊದಲು ತೋಟಗಾರರು ವಿಕಾರ ಅಂತ ಕಿತ್ತೆಸೆಯುತ್ತಿದ್ದರು. ಕ್ಯಾಲಿಫೋರ್ನಿಯಾದ ಪ್ಲಾಸರ್‌ವಿಲ್‌ನಲ್ಲಿ ಲಾಯ್ಡ್ ಆಸ್ಟಿನ್ ಎಂಬಾತ ಮಾತ್ರ ಬೇಕಂತಲೇ ಇವನ್ನು ಬೆಳೆಸಿ, 1954ರಲ್ಲಿ 'ಯೂನಿಕಾರ್ನ್' ಅನ್ನುವ ಕೊಂಬಿನ ತಳಿ ಮಾರಾಟಕ್ಕೆ ಬಿಟ್ಟ. ಆಮೇಲೂ ಮೂಗು ಮುರಿಯುವವರು ಇದ್ದೇ ಇದ್ದರು. ಮಾಂಟಿ ಬೈಯರ್ಸ್ ಬೆಳೆಸಿದ 'ಥಾರ್ನ್‌ಬರ್ಡ್' 1997ರಲ್ಲಿ ಅಮೆರಿಕದ ಐರಿಸ್ ಲೋಕದ ದೊಡ್ಡ ಬಹುಮಾನ, ಡೈಕ್ಸ್ ಪದಕ ಗೆದ್ದಿತು. ಮಾಸಲು ಕಂದು ಹೂವು, ಅದಕ್ಕೆ ನೇರಳೆ ಕೊಂಬು. ಆ ಬಣ್ಣ ಎಲ್ಲರಿಗೂ ಹಿಡಿಸುವಂಥದ್ದಲ್ಲ, ನನಗಂತೂ ಹಿಡಿಸಿತು.

ಈಗ ಮೊದಲಿನ ಮಾತಿಗೆ ಬರೋಣ. ಅಕ್ಕನ ಒಂದು ಗಿಡದಲ್ಲಿ ದಂಟಿನ ತುದಿಯ ಹೂವಿಗೆ ಉದ್ದ ಕೊಂಬು, ಕೆಲವು ದಿನ ಬಿಟ್ಟು ಅದೇ ದಂಟಿನ ಕೆಳಗೆ ಅರಳಿದ ಹೂವಿಗೆ ಸುಮ್ನೆ ಒಂದು ಚೂಪು ತುದಿ, ಅಷ್ಟೇ. ಅಂಗಡಿಯವರು ಬೇರೆ ಗೆಡ್ಡೆ ಕೊಟ್ಟು ಮೋಸ ಮಾಡಿದರು ಅಂತ ಅವಳಿಗೆ ಸಿಟ್ಟು. ಮೋಸ ಇರಲಿಕ್ಕಿಲ್ಲ. ಗಿಡ ಹೊಸದಾಗಿ ನೆಟ್ಟಿದ್ದರೆ, ಹವೆ ಬದಲಾದರೆ ಈ ಕೊಂಬು ಹೆಚ್ಚು ಕಮ್ಮಿ ಆಗುತ್ತದೆ, ಕೆಲವು ಸಲ ಬರುವುದೇ ಇಲ್ಲ. ನಮ್ಮ ಹಿತ್ತಲ ಡಬಲ್ ದಾಸವಾಳವೂ ಹೀಗೇ ಅಲ್ವಾ? ಒಂದು ಕಾಲದಲ್ಲಿ ತುಂಬಿಕೊಂಡು ಅರಳುತ್ತದೆ, ಇನ್ನೊಂದು ಕಾಲದಲ್ಲಿ ಅರ್ಧಂಬರ್ಧ. ಮಾರುವವರು ಕ್ಯಾಟಲಾಗಿಗೆ ಹಾಕುವುದು ಅತಿ ಚಂದದ ಹೂವಿನ ಫೋಟೋ, ಅದನ್ನೇ ನಂಬಿ ದುಡ್ಡು ಕೊಟ್ಟವರಿಗೆ ಸಿಟ್ಟು ಬರುವುದೂ ಸಹಜ.

ಗೆಡ್ಡೆ ಕಿತ್ತೆಸೆಯಬೇಡ, ಬುಡ ತುಂಬಿಕೊಳ್ಳಲಿ, ಇನ್ನೆರಡು ವಸಂತ ನೋಡು ಅಂದಿದ್ದೇನೆ. ಫೋಟೋ ತೆಗೆಯುವಾಗ ಪಕ್ಕದಿಂದ ತೆಗಿ ಅಂತಲೂ ಹೇಳಿದ್ದೇನೆ. ಮೇಲಿನಿಂದ ತೆಗೆದರೆ ಕೊಂಬು ಎದ್ದಿದೆಯೋ ಎಸಳಿಗೆ ಅಂಟಿದೆಯೋ ಗೊತ್ತೇ ಆಗುವುದಿಲ್ಲ.